ಕಣ್ಣಿನ ಸುಳ್ಳು

ಹಾರನಹಳ್ಳಿ ಹೋಬಳಿಯಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳಿಗೇನೂ ಬರವಿಲ್ಲ. ರಸ್ತೆಯ ಎರಡೂ ಕಡೆ ಇಟ್ಟಿಗೆಯ ಎತ್ತರದ ಗೂಡುಗಳು ಸಾಲಾಗಿ ನಿಂತಿವೆ. ಆದರೆ ಶಿವರುದ್ರಮ್ಮನ ಬ್ಯಾರನ್ನಿನಿಂದ ಇಳಿಯುವ ಸೊಪ್ಪಿನ ಬಣ್ಣವೇ ಬೇರೆ ಎಂದು ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಬಹಳ ವರ್ಷದಿಂದ ಮಾತಿದೆ. ಮುದುಕಿಗೆ ಈಗ ಎಪ್ಪತ್ತೆಂಟು. ಇತ್ತೀಚೆಗೆ ಬ್ಯಾರನ್ನಿನ ಹತ್ತಿರಕ್ಕೂ ಹೋಗುವುದಿಲ್ಲ. ಎದುರಿನ ಹೊಂಗೆಮರದ ಕೆಳಗೆ ಹಗ್ಗದ ಮಂಚ ಹಾಕಿಸಿಕೊಂಡು, ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು, ಕೂತಲ್ಲಿಂದಲೇ ಒಲೆಗೆ ಎಷ್ಟು ಸೌದೆ, ಮೇಲಿನ ಗಾಳಿಕಿಂಡಿ ಎಷ್ಟು ತೆಗೆಯಬೇಕು ಎಂದು ಹುಕುಂ ಕೊಡುತ್ತಾಳೆ. ಮಹಾರಾಣಿ ಗತ್ತು ಬಂದುಬಿಟ್ಟಿದೆ ನಮ್ಮಜ್ಜಿಗೆ ಎಂದು ಮೊಮ್ಮಗಳು ರೂಪಶ್ರೀ ಒಳಗೊಳಗೇ ನಕ್ಕಳು.

ರೂಪಶ್ರೀ ಸೋಮವಾರ ಸಂಜೆಯ ಬಸ್ಸಿಗೆ ಬೆಂಗಳೂರಿನಿಂದ ಬಂದು ಇಳಿದಿದ್ದಳು. ಅಪ್ಪ ಅಮ್ಮ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರುಗಳು, ಅಲ್ಲಿಗೆ ಹೋಗಿದ್ದರೆ ಮುಖ ಯಾಕೆ ಸಪ್ಪಗಿದೆ ಎಂದು ಪ್ರಶ್ನೆಗಳ ಮಳೆ ಸುರಿಯುತ್ತಿತ್ತು. ಅಜ್ಜಿಯ ಮನೆಯಲ್ಲಾದರೆ ಸೊಪ್ಪು ಬೇಯಿಸುವ ಕಾಲದಲ್ಲಿ ಯಾರಿಗೂ ಯಾರ ಮುಖ ನೋಡಲೂ ಪುರಸೊತ್ತಿರುವುದಿಲ್ಲ. ಸಂಶೋಧನೆಗೆ ಸೇರಿದ ಮೇಲೆ ಐದು ವರ್ಷದಿಂದ ಅವಳು ಈ ಕಾಲದಲ್ಲಿ ಊರಿಗೆ ಬಂದದ್ದೇ ಇಲ್ಲ, ಹಬ್ಬಕ್ಕೆ ಬಂದರೂ ಒಂದು ಹೊತ್ತು ಉಂಡು ಹೊರಟುಬಿಡುತ್ತಿದ್ದಳು.

ಅವಳ ಮುಖ ಸಪ್ಪಗಾಗಲು ಕಾರಣ ಸೂರ್ಯ. ಸಣ್ಣಪುಟ್ಟವರೊಡನೆ ಜಗಳಕ್ಕೆ ನಿಲ್ಲುವ ಪೈಕಿಯಲ್ಲ ನಮ್ಮ ಹುಡುಗಿ. ಸೂರ್ಯನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎನ್ನುವುದೇ ಅವಳ ವಿಷಯ. ಅಲ್ಲಿಗೆ ಯಾರೂ ಹೋಗುವಂತಿಲ್ಲ, ಅಲ್ಲಿಂದ ನೇರವಾಗಿ ಬೆಳಕೂ ಬರುವುದಿಲ್ಲ. ಆದರೆ ಸೂರ್ಯನ ಮೈ ಸದಾ ಕಂಪಿಸುತ್ತಿರುತ್ತದೆ. ಒಳಗಿನ ಕುದಿತದ ಸದ್ದು ಅಲೆಯಾಗಿ ಒಂದು ಕಡೆ ಮುಳುಗಿ, ಆಳದಲ್ಲಿ ಬಳಸಿಕೊಂಡು ಇನ್ನೊಂದು ಕಡೆ ಎದ್ದು, ಮೈಯನ್ನು ಐದೈದು ನಿಮಿಷಕ್ಕೊಮ್ಮೆ ಮೇಲೆ ಕೆಳಗೆ ಆಡಿಸುತ್ತದೆ. ಒಳಗಿನ ಹರಿವಿನ ಜೊತೆ ಹೋದ ಅಲೆ ಬೇಗ ಮುಟ್ಟುತ್ತದೆ, ಎದುರು ಹೋದದ್ದು ತಡವಾಗಿ. ಆ ತಡ ಒಂದು ಸೆಕೆಂಡೂ ಇರುವುದಿಲ್ಲ. ಅಷ್ಟನ್ನು ಹಿಡಿದುಕೊಂಡು ಒಳಗೆ ಯಾವ ಆಳದಲ್ಲಿ ಯಾವ ದಿಕ್ಕಿಗೆ ಹರಿವಿದೆ ಎಂದು ಹೇಳುತ್ತಾರೆ. ಮನುಷ್ಯ ಎಂಥ ಚಾಲಾಕಿ ಪ್ರಾಣಿ ಎಂದು ಐದು ವರ್ಷದ ಮೇಲೂ ರೂಪಳಿಗೆ ಆಶ್ಚರ್ಯ.

ಈ ಹರಿವಿನ ಇಪ್ಪತ್ತೈದು ವರ್ಷದ ಕಥೆ ಒಂದೇ ಕಣ್ಣಿಗೆ ಸಿಗುವುದಿಲ್ಲ. ಅವಳ ಕೈಯಲ್ಲಿ ಮೂರು ಕಣ್ಣುಗಳ ಮಾಹಿತಿ ಇತ್ತು: ಹದಿನೈದು ವರ್ಷ ನೋಡಿ ಕಣ್ಣು ಮುಚ್ಚಿದ ಹಳೆಯ ಉಪಗ್ರಹ, ಅದರ ಜಾಗಕ್ಕೆ ಬಂದ ಹೊಸ ಉಪಗ್ರಹ, ಮತ್ತು ಭೂಮಿಯ ಸುತ್ತ ಆರು ಊರುಗಳಲ್ಲಿ ಪಾಳಿಯ ಮೇಲೆ ಸೂರ್ಯನನ್ನು ಕಾಯುವ ದೂರದರ್ಶಕಗಳ ಒಂದು ಸರಪಳಿ. ಮೂರನ್ನೂ ಬೆರೆಸಿ ನೋಡಿದಾಗ, ಮೇಲ್ಮೈಯಲ್ಲಿ ಧ್ರುವಗಳ ಕಡೆ ಹೋಗಿ ಆಳದಲ್ಲಿ ಹಿಂದಿರುಗುವ ಹರಿವು ಒಂದು ವರ್ಷ ಇದ್ದಕ್ಕಿದ್ದಂತೆ ಎಗರಿದ್ದು ಕಂಡಿತು. ಅದೇ ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ. ಅದರ ಮೇಲೆಯೇ ಉಳಿದದ್ದೆಲ್ಲ ನಿಂತಿತ್ತು.

ಮಾರ್ಗದರ್ಶಕಿ ಮೇಡಂ ಆ ಚಿತ್ರ ನೋಡಿ, ಎಗರಿದ ವರ್ಷದ ಮೇಲೆ ಪೆನ್ಸಿಲ್ ಇಟ್ಟರು. ಹಳೆಯ ಉಪಗ್ರಹ ಹೋಗಿ ಹೊಸದು ಬಂದ ವರ್ಷವೂ ಅದೇ ಅಲ್ಲವೇ ಎಂದರು. ಬದಲಾದದ್ದು ಸೂರ್ಯನೋ, ಸೂರ್ಯನನ್ನು ನೋಡುವ ಕಣ್ಣೋ ಎಂದು ಕೇಳಿದರು. ಒಂದು ವಾರ ಊರಿಗೆ ಹೋಗಿ ಬಾ, ಮುಂದಿನ ಸೋಮವಾರ ಬಂದು ಹೇಳು, ಹೇಳಲಾಗದಿದ್ದರೆ ಆ ಅಧ್ಯಾಯ ತೆಗೆದುಹಾಕೋಣ ಎಂದರು. ಐದು ವರ್ಷ ಗೇಯ್ದದ್ದು ಒಂದು ಪೆನ್ಸಿಲ್ ಮೊನೆಯ ಕೆಳಗೆ ಸಿಕ್ಕಿಕೊಂಡಿತ್ತು.

ಅವಳು ಬಂದಿಳಿದಾಗ ಬ್ಯಾರನ್ನಿಗೆ ಸೊಪ್ಪು ಏರಿಸಿ ಮುಗಿದಿತ್ತು. ಚಿಕ್ಕಪ್ಪ ನಂಜುಂಡೇಶ ಒಲೆಗೆ ಬೆಂಕಿ ಕೊಡುತ್ತಿದ್ದ. ಚೀಲ ಕೆಳಗಿಡುವ ಮೊದಲೇ ಅಜ್ಜಿ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ರೂಪ ಬಂದ್ಲು ಎಂದಳು, ಒಳ್ಳೇ ಹೊತ್ತಿಗೆ ಬಂದೆ ಎಂದು ಕೆಲಸವನ್ನೂ ಅಂಟಿಸಿಬಿಟ್ಟಳು. ವರ್ಷವೂ ಕೆಳಗಿನ ಕಿಂಡಿಯಲ್ಲಿ ನಿಂತು ಸೊಪ್ಪು ನೋಡುವ ಕುಳ್ಳಮ್ಮ, ಮಗಳ ಬಾಣಂತನಕ್ಕೆಂದು ಚುಂಚನಕಟ್ಟೆಗೆ ಹೋಗಿದ್ದಳು. ಅವಳ ಜಾಗಕ್ಕೆ ರೂಪ ನಿಲ್ಲಬೇಕು.

ಬ್ಯಾರನ್ನಿನ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ಒಲೆಯ ಶಾಖ ತಗಡಿನ ಕೊಳವೆಗಳಲ್ಲಿ ನೆಲದ ಮೇಲೆ ಓಡುತ್ತದೆ. ಹದವಾದ ಸೆಕೆಯಲ್ಲಿ ಎರಡು ದಿನ ಇದ್ದರೆ ಸೊಪ್ಪು ಹಣ್ಣಾಗುತ್ತದೆ, ಅಂದರೆ ಹಸಿರು ಹೋಗಿ ಹಳದಿಗೆ ತಿರುಗುತ್ತದೆ. ಆಗ ಶಾಖ ಏರಿಸಿ ಆ ಬಣ್ಣವನ್ನು ಕಟ್ಟಬೇಕು. ಬೇಗ ಏರಿಸಿದರೆ ಹಸಿರು ಹಸಿರಾಗಿಯೇ ಕಟ್ಟಿಕೊಳ್ಳುತ್ತದೆ, ತಡವಾದರೆ ಸೊಪ್ಪು ಕಂದಿ ಹೋಗುತ್ತದೆ. ಮಧ್ಯೆ ಸಿಗುವುದು ನಾಲ್ಕಾರು ಗಂಟೆ. ಬಾಗಿಲು ತೆಗೆದು ನೋಡೋಣವೆಂದರೆ ಒಳಗಿನ ಸೆಕೆ ಹೊರಟುಹೋಗಿ ಇಡೀ ಬ್ಯಾರನ್ ಕೆಡುತ್ತದೆ. ಹಾಗಾಗಿ ಅಂಗೈ ಅಗಲದ ಮೂರು ಗಾಜಿನ ಕಿಂಡಿಗಳು: ಏಣಿ ಹತ್ತಿ ನೋಡುವ ಮೇಲಿನದು, ಬಗ್ಗಿ ನೋಡುವ ಕೆಳಗಿನದು, ಮತ್ತು ಒಳಗೆ ತೂಗುಹಾಕಿದ ಫ್ಯಾರನ್‌ಹೀಟ್ ಶಾಖಮಾಪಕ ಕಾಣಿಸುವ ಬಾಗಿಲಿನದು.

ಮೇಲಿನ ಕಿಂಡಿ ನಂಜುಂಡೇಶನದು. ಬಾಗಿಲಿನದು ಹುಸೇನ್ ಸಾಬರದು. ಸಾಬರು ಪಿರಿಯಾಪಟ್ಟಣದ ತಗಡಿನ ಕೆಲಸಗಾರರು. ಈ ಸೀಮೆಯ ಅರ್ಧ ಬ್ಯಾರನ್ನುಗಳ ಕೊಳವೆ ಅವರ ಕೈಯಿಂದಲೇ ಆದದ್ದು, ಬೈಲಕುಪ್ಪೆಯ ಮಠದ ಅಡಿಗೆಮನೆಯ ಹೊಗೆಕೊಳವೆಯೂ ಅವರದೇ. ಶಿವರುದ್ರಮ್ಮನ ಬ್ಯಾರನ್ನಿನ ಒಲೆಗೆ ಬೆಂಕಿ ಕೊಟ್ಟರೆ ಮೊದಲ ಮೂರು ದಿನ ಬೇರೆಲ್ಲೂ ಕೆಲಸ ಒಪ್ಪಿಕೊಳ್ಳುವುದಿಲ್ಲ. ಯಾಕೆಂದು ಕೇಳಿದರೆ, ಇಲ್ಲಿ ಕಲಿಯುವುದು ಇನ್ನೂ ಮುಗಿದಿಲ್ಲ ಎನ್ನುತ್ತಾರೆ.

ಆ ಸಂಜೆಯೇ ಅಜ್ಜಿ ಮೂವರನ್ನೂ ಕಿಂಡಿಗೆ ನಿಲ್ಲಿಸಿ ಕೇಳಿದಳು. ಈಗಷ್ಟೇ ಏರಿಸಿದ ಸೊಪ್ಪಿನಲ್ಲಿ ನೋಡುವುದಕ್ಕೇನಿದೆ ಎಂದು ರೂಪಳಿಗೆ ಅನಿಸಿತು. ನಂಜುಂಡೇಶ ಮೇಲಿನಿಂದ, ಒಂಚೂರು ತಿರುಗಿದಂಗೆ ಕಾಣ್ತದೆ ಎಂದ. ಸಾಬರು ಎಂಬತ್ತು ಡಿಗ್ರಿ ಎಂದರು. ರೂಪ ಪೂರ್ತಿ ಹಸಿರು ಎಂದಳು. ಅಜ್ಜಿ ಅಡಿಕೆ ಕತ್ತರಿಸುತ್ತಾ ಹೂಂಗುಟ್ಟಿ ಎಲ್ಲರನ್ನೂ ಊಟಕ್ಕೆ ಕಳಿಸಿದಳು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ. ಮೇಲಿನವನು ಅರ್ಧಕ್ಕರ್ಧ ಹಳದಿ ಎಂದ, ಕೆಳಗಿನವಳು ಅಂಚು ಮಾತ್ರ ಹಳದಿ ಎಂದಳು, ಸಾಬರು ತೊಂಬತ್ತಾರು ಎಂದರು. ರೂಪ ಮನಸ್ಸಿನಲ್ಲೇ ಮೂರನ್ನೂ ಕೂಡಿಸಿ ಸರಾಸರಿ ಹಾಕಿ, ಅಜ್ಜಿ ಇನ್ನು ಸ್ವಲ್ಪ ಸೌದೆ ಹಾಕಿಸುತ್ತಾಳೆ ಎಂದುಕೊಂಡಳು. ಅಜ್ಜಿ ಒಲೆಯಿಂದ ಸೌದೆ ಹೊರಗೆ ಎಳೆಯಿರಿ ಎಂದಳು. ರೂಪಳಿಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಮುದ್ದೆ ಉಂಡು ಮಂಚದ ಬಳಿ ಕೂತಾಗ ಕೇಳಿಯೇಬಿಟ್ಟಳು. ಅಜ್ಜಿ ಮೊದಲು ಅವಳ ಸಪ್ಪೆ ಮುಖದ ಕಥೆ ಕೇಳಿದಳು. ಮುಖ ಸಪ್ಪಗಿರುವುದು ದನಿಯಲ್ಲೇ ಗೊತ್ತಾಗುತ್ತದೆ ಎಂದಳು. ರೂಪ ಎಲ್ಲ ಹೇಳಿದಳು. ಹರಿವಿನ ಜೊತೆ ಹೋದ ಅಲೆ ಬೇಗ, ಎದುರು ಹೋದದ್ದು ತಡ ಎಂದಾಗ ಮುದುಕಿ, ಚುಂಚನಕಟ್ಟೆಯ ಹೊಳೆಯಲ್ಲಿ ತೆಪ್ಪ ಹೋಗುವ ಹಾಗೆ ಎಂದು ತಟ್ಟನೆ ಹಿಡಿದುಕೊಂಡಳು. ನಂತರ ಬಾಗಿಲು ತೆಗೆಯುವಂತಿಲ್ಲವೇ ಎಂದು ಕೇಳಿದಳು. ಸೂರ್ಯನಿಗೆ ಬಾಗಿಲೇ ಇಲ್ಲ ಎಂದಳು ರೂಪ.

"ಅಂಗಾರೆ ನಮ್ ಬ್ಯಾರನ್ನೇ ಬುಡು," ಎಂದಳು ಅಜ್ಜಿ. "ಮೂರ್ ಕಿಂಡಿ ಇಟ್ಕಂಡಿದ್ದೀಯ. ಯಾವ್ ಕಿಂಡಿ ಎಷ್ಟ್ ಸುಳ್ಳು ಯೋಳ್ತದೆ ಅಂತ ನೋಡಿದ್ದೀಯ?"

ಸುಳ್ಳು ಎಂದರೆ ಬೈಗುಳವಲ್ಲ, ಶಿವರುದ್ರಮ್ಮನ ಬ್ಯಾರನ್ನಿನಲ್ಲಿ ಅದೊಂದು ಅಳತೆ. ಅವಳು ಬಿಡಿಸಿ ಹೇಳಿದಳು. ನಂಜುಂಡೇಶನಿಗೆ ಹುಟ್ಟಾ ಆತುರ. ಅವನು ಹಳದಿ ಎಂದರೆ ಅರ್ಧ ದಿನ ಹಿಂದಕ್ಕೆ ತಳ್ಳಬೇಕು. ಹಣ್ಣಾಯಿತು ಎಂಬ ಕುಳ್ಳಮ್ಮನ ಮಾತು ನಂಬಿ ಹಿಂದೊಮ್ಮೆ ಒಂದು ಬ್ಯಾರನ್ ಸೊಪ್ಪು ಕೆಟ್ಟಿತ್ತು, ಅವತ್ತಿನಿಂದ ಅವಳಿಗೆ ಎಲ್ಲವೂ ಹಸಿರೇ. ಅವಳ ಮಾತನ್ನು ಮುಂದಕ್ಕೆ ಎಳೆಯಬೇಕು. ಹುಸೇನ್ ಸಾಬರು ಸತ್ಯವಂತರು, ಆದರೆ ಆರಡಿ ಆಳು. ಶಾಖಮಾಪಕವನ್ನು ಮೇಲಿನಿಂದ ಇಳಿಗಣ್ಣಲ್ಲಿ ನೋಡುತ್ತಾರೆ, ಎರಡು ಡಿಗ್ರಿ ಕಡಿಮೆ ಹೇಳುತ್ತಾರೆ. ಮೂವರ ಮಾತನ್ನೂ ಒಟ್ಟಿಗೆ ಕಲಸಿಬಿಟ್ಟರೆ ಯಾರ ಸುಳ್ಳು ಎಲ್ಲಿ ಸೇರಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಮೊದಲು ಅವರವರದನ್ನು ಅವರವರಿಂದ ಕಳೆದು, ಆಮೇಲೆ ಸೇರಿಸಬೇಕು.

ಅವರವರ ಸುಳ್ಳು ಎಷ್ಟೆಂದು ತಿಳಿಯುವುದು ಹೇಗೆ ಎಂದು ರೂಪ ಕೇಳಿದಳು.

"ಅದ್ಕೇ ಕಣ್ಮಗ ಏರ್ಸಿದ್ ದಿನ್ವೇ ಕೇಳೋದು. ಅವತ್ತು ಪೂರಾ ಹಸ್ರು ಅಂತ ಊರಿಗೇ ಗೊತ್ತು. ಅವತ್ತೇ ಒಂಚೂರು ತಿರುಗ್ಯದೆ ಅಂದ್ರೆ, ಅಷ್ಟೂ ಅವನ್ದು, ಸೊಪ್ಪಿಂದಲ್ಲ."

ರೂಪ ಕೂತಲ್ಲಿಂದ ಎದ್ದು ನಿಂತುಬಿಟ್ಟಳು. ಈ ಮುದುಕಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಹೇಳಿದ್ದು ಮಾತ್ರ ರೂಪಳ ವಿದ್ಯೆಯ ಪುಸ್ತಕಗಳಲ್ಲಿ ಇದ್ದದ್ದೇ. ಸೂರ್ಯನನ್ನು ಪೂರ್ವ ಪಶ್ಚಿಮವಾಗಿ ಅಳೆದು, ಅವನು ತನ್ನ ಸುತ್ತ ತಿರುಗುವ ವೇಗವನ್ನು ಕಳೆದರೆ ಮಧ್ಯಕ್ಕೂ ಅಂಚಿಗೂ ಭೇದವಿರಬಾರದು. ಅದು ಊರಿಗೇ ಗೊತ್ತಿರುವ ಹಸಿರು. ಅಲ್ಲೂ ಭೇದ ಕಂಡರೆ ಅದು ಸೂರ್ಯನದಲ್ಲ, ನೋಡುವ ಬಗೆಯದು. ರೂಪ ಇದನ್ನು ಮಾಡಿದ್ದಳು, ಆದರೆ ಮೂರು ಕಣ್ಣುಗಳನ್ನು ಮೊದಲೇ ಕಲಸಿ, ಕಲಸಿದ್ದರಿಂದ ಒಂದೇ ಸುಳ್ಳು ಕಳೆದಿದ್ದಳು. ಮೂರಕ್ಕೂ ಬೇರೆ ಬೇರೆ ಸುಳ್ಳಿರಬಹುದು ಎಂದು ಯೋಚಿಸಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಮೂರು ಕಣ್ಣುಗಳನ್ನೂ ಬಿಡಿಬಿಡಿಯಾಗಿ ಪರೀಕ್ಷೆಗೆ ನಿಲ್ಲಿಸಿದಳು. ಹಳೆಯ ಉಪಗ್ರಹಕ್ಕೆ ಅಂಚಿನ ಕಡೆ ಹೋದಷ್ಟೂ ಜಾಸ್ತಿ ಹೇಳುವ ಚಾಳಿ ಇತ್ತು, ಥೇಟ್ ಚಿಕ್ಕಪ್ಪ. ಹೊಸದರದು ಅದಕ್ಕಿಂತ ಕಡಿಮೆ, ಆದರೆ ಇತ್ತು. ಭೂಮಿಯ ಮೇಲಿನ ಆರು ಕಣ್ಣುಗಳದು ಊರೂರಿಗೆ ಒಂದೊಂದು ತರಹ. ಒಂದೊಂದರ ಸುಳ್ಳನ್ನೂ ಅದರದರಿಂದ ಕಳೆದು ಮತ್ತೆ ಜೋಡಿಸಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿತ್ರ ಬಂತು. ಎಗರಿದ್ದು ಅರ್ಧಕ್ಕೆ ಇಳಿದಿತ್ತು, ಆದರೆ ಇನ್ನರ್ಧ ಗಟ್ಟಿಯಾಗಿ ನಿಂತಿತ್ತು. ಸುಳ್ಳೆಲ್ಲ ಕಳೆದ ಮೇಲೂ ಉಳಿದದ್ದು ಸೂರ್ಯನದೇ ಅಲ್ಲದೆ ಇನ್ನಾರದು? ಅಧ್ಯಾಯ ಉಳಿಯಿತು ಎಂದು ಅವಳು ಅಡಿಗೆಮನೆಗೆ ಹೋಗಿ ಅಜ್ಜಿಯ ಕೆನ್ನೆ ಹಿಂಡಿ ಬಂದಳು.

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಶಾಖ ಏರಿಸಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಾದ ಹೊತ್ತು ಅದು. ನಂಜುಂಡೇಶ ಏಣಿಯ ಮೇಲಿನಿಂದಲೇ, ಪೂರಾ ಹಣ್ಣಾಗ್ಯದೆ ಅವ್ವಾ, ಏರಿಸಿಬುಡಾಣ ಎಂದ. ಸಾಬರು ತೊಂಬತ್ತೆಂಟು ಎಂದರು. ರೂಪ ಬಗ್ಗಿ, ಕೈಯಿಂದ ಬೆಳಕು ಮರೆಮಾಡಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ನೋಡಿದಳು. ಹೊಂಬಣ್ಣಕ್ಕೆ ತಿರುಗಿದ ಸೊಪ್ಪು ಸಾಲುಸಾಲಾಗಿ ತೂಗುತ್ತಿತ್ತು. ಎಷ್ಟು ಚೆಂದ ಎಂದರೆ, ಕಣ್ಣು ಕೀಳಲು ಮನಸ್ಸಾಗಲಿಲ್ಲ. ನಿನ್ನೆ ಸಂಜೆಯ ಸಂತೋಷ ಇನ್ನೂ ಮೈಯಲ್ಲಿತ್ತು.

"ಎಲ್ಲಾ ಹಣ್ಣಾಗಿದೆ ಅಜ್ಜಿ," ಎಂದಳು.

ಅಜ್ಜಿ ಮೂಗನ್ನು ಗಾಳಿಗೆ ಒಡ್ಡಿ ಎರಡು ಸಲ ಮೂಸಿದಳು. ಆಮೇಲೆ ಈಗ ಬೇಡ, ಮೂರು ಗಂಟೆಗೆ ನೋಡೋಣ ಎಂದಳು.

ನಂಜುಂಡೇಶನಿಗೆ ರೇಗಿಹೋಯಿತು. ಇಬ್ಬರೂ ಹಣ್ಣಾಗಿದೆ ಅನ್ನುತ್ತಿದ್ದೇವೆ, ಮೂರು ಗಂಟೆಗೆ ಸೊಪ್ಪೆಲ್ಲ ಕಂದಿ ಕಸವಾಗುತ್ತದೆ, ಆಮೇಲೆ ನನ್ನ ಮೇಲೆ ಹೇಳಬೇಡ ಎಂದು ಏಣಿಯನ್ನು ಧಡಕ್ಕನೆ ಕೆಳಗಿಟ್ಟು ಹೊರಟುಹೋದ. ರೂಪಳಿಗೂ ಬೇಜಾರಾಯಿತು. ಕೆಲಸಕ್ಕೆ ನಿಲ್ಲಿಸಿಕೊಂಡು, ಮಾತು ಕೇಳಿಕೊಂಡು, ಕೊನೆಗೆ ಕಿವಿಗೇ ಹಾಕಿಕೊಳ್ಳದಿದ್ದರೆ ಹೇಗೆ? ಆತುರಗಾರ ಚಿಕ್ಕಪ್ಪನನ್ನು ನಂಬದಿರಲಿ, ನಾನು ಮೊದಲ ದಿನ ಸರಿಯಾಗಿಯೇ ಹೇಳಿದ್ದೆನಲ್ಲ. ಅದನ್ನೇ ಕೇಳಿದಳು.

ಅಜ್ಜಿಗೆ ಕೋಪವೇನೂ ಬರಲಿಲ್ಲ. ಬಲಗಡೆ ಮೂಲೆಯ ಕೊನೆಯ ಎರಡು ಕಡ್ಡಿಗಳನ್ನು ನೋಡಿದೆಯಾ ಎಂದು ಕೇಳಿದಳು. ಆ ಮೂಲೆಗೆ ಶಾಖ ಯಾವಾಗಲೂ ತಡವಾಗಿ ಮುಟ್ಟುತ್ತದೆ ಎಂದೂ ಹೇಳಿದಳು. ರೂಪ ನೋಡಿದ್ದಳು. ಅಲ್ಲಿ ಸೊಪ್ಪಿನ ನಡುನರದ ಪಕ್ಕ ಏನೋ ಕಪ್ಪಗೆ ಕಂಡಿತ್ತು, ನೆರಳಿರಬೇಕು ಎಂದುಕೊಂಡಿದ್ದಳು. ಅದನ್ನು ಹೇಳುವಾಗಲೇ ಅವಳ ದನಿ ಇಳಿಯಿತು. ಹೋಗಿ ಮತ್ತೆ ಬಗ್ಗಿದಳು. ಮೊಬೈಲಿನ ಬೆಳಕನ್ನು ಗಾಜಿಗೆ ಒತ್ತಿ ಹಿಡಿದು ನೋಡಿದಳು. ನೆರಳಲ್ಲ, ಹಸಿರು. ಎರಡಲ್ಲ, ನಾಲ್ಕು ಕಡ್ಡಿ. ಈಗ ಶಾಖ ಏರಿಸಿದ್ದರೆ ಅಷ್ಟೂ ಹಸಿರು ಹಾಗೆಯೇ ಕಟ್ಟಿಕೊಳ್ಳುತ್ತಿತ್ತು.

ಬಂದು ತಪ್ಪೊಪ್ಪಿಕೊಂಡಳು. ಮುದುಕಿ ಕೈ ಚಾಚಿ ಅವಳ ಮಣಿಕಟ್ಟು ಹುಡುಕಿ ಹಿಡಿದುಕೊಂಡಳು.

"ಮೊದುಲ್ನೇ ದಿನ ನಿನ್ ಸುಳ್ಳು ಸಿಕ್ನಿಲ್ಲ ನಂಗೆ. ಅವತ್ತು ನಿಂಗೆ ಏನೂ ಬೇಕಾಗಿರ್ಲಿಲ್ಲ. ಇವತ್ತು ಸಿಕ್ತು. ನಿಂಗೆ ಬ್ಯಾಡದ್ದು ನಿನ್ ಕಣ್ಗೆ ನೆಳ್ಳು ಕಣ್ಮಗ."

ಅಜ್ಜಿ ಸೊಪ್ಪಿನ ಮಾತು ಹೇಳಿದ್ದಳು, ರೂಪಳಿಗೆ ಕೇಳಿಸಿದ್ದು ಬೇರೆ. ಹಳೆಯ ಉಪಗ್ರಹ, ಹೊಸ ಉಪಗ್ರಹ ಎರಡೂ ಜೊತೆಯಲ್ಲಿ ಸೂರ್ಯನನ್ನು ನೋಡಿದ್ದು ಹನ್ನೆರಡೇ ತಿಂಗಳು. ಆ ಹನ್ನೆರಡರಲ್ಲಿ ನಾಲ್ಕನ್ನು ಅವಳು ಎರಡು ವರ್ಷದ ಹಿಂದೆ ತೆಗೆದುಹಾಕಿದ್ದಳು. ಮಾಹಿತಿಯಲ್ಲಿ ಗಲಿಬಿಲಿ ಹೆಚ್ಚು ಎಂದು ಪಕ್ಕದಲ್ಲಿ ಬರೆದಿಟ್ಟಿದ್ದಳು. ಗಲಿಬಿಲಿ ಇತ್ತು, ನಿಜ. ಆದರೆ ಉಳಿದ ಎಂಟರಲ್ಲೂ ಅಷ್ಟಿಷ್ಟು ಇದ್ದೇ ಇತ್ತಲ್ಲ? ಈ ನಾಲ್ಕನ್ನು ಮಾತ್ರ ಯಾಕೆ ತೆಗೆದೆ ಎಂದು ಯಾರೂ ಕೇಳಿರಲಿಲ್ಲ. ಮೇಡಂಗೂ ಅದು ಗೊತ್ತಿರಲಿಲ್ಲ. ಅವನ್ನು ಸೇರಿಸಿದರೆ ಎಗರುವುದು ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ, ಅಷ್ಟೇ ವಿಷಯ.

ಲ್ಯಾಪ್‌ಟಾಪಿನ ಮುಂದೆ ಕೂತವಳಿಗೆ ಕೈ ಬರಲಿಲ್ಲ. ಆ ನಾಲ್ಕು ತಿಂಗಳು ಹಾಗೇ ಇದ್ದರೆ ಅಧ್ಯಾಯ ಉಳಿಯುತ್ತದೆ. ಮೂರು ಸುಳ್ಳು ಕಳೆದ ವಿಧಾನ ನೋಡಿ ಮೇಡಂ ಬೆನ್ನು ತಟ್ಟುತ್ತಾರೆ. ಸೋಮವಾರಕ್ಕೆ ಎಲ್ಲವೂ ಸುಸೂತ್ರ. ಸೇರಿಸಿದರೆ ಐದು ವರ್ಷ ಏನಾಗುತ್ತದೋ ಗೊತ್ತಿಲ್ಲ. ಅಂಗಳದಲ್ಲಿ ಅಜ್ಜಿ ಸಾಬರ ಜೊತೆ ಅವರ ಮೊಮ್ಮಗಳು ಅಲ್ಮಾಸಳ ಪರೀಕ್ಷೆಯ ವಿಷಯ ಮಾತಾಡುತ್ತಾ, ಇಡೀ ಬ್ಯಾರನ್ ಸೊಪ್ಪನ್ನು ತನ್ನ ಒಂದು ಮಾತಿನ ಮೇಲೆ ನಿಲ್ಲಿಸಿಕೊಂಡು, ಏನೂ ಆಗಿಲ್ಲವೆನ್ನುವಂತೆ ಎಲೆ ಮೆಲ್ಲುತ್ತಿದ್ದಳು. ರೂಪ ಅದನ್ನೇ ನೋಡುತ್ತಾ ಕೂತಳು. ಆಮೇಲೆ ನಾಲ್ಕು ತಿಂಗಳನ್ನೂ ವಾಪಸು ಸೇರಿಸಿ, ಉತ್ತರ ಬರುವವರೆಗೆ ಅಲ್ಲಿರಲಾರದೆ ಅಂಗಳಕ್ಕೆ ಬಂದಳು.

ಮೂರು ಗಂಟೆಗೆ ಮತ್ತೆ ಕಿಂಡಿಗೆ ಬಗ್ಗಿದಳು. ಈ ಸಲ ಮೂಲೆಯಿಂದಲೇ ಶುರುಮಾಡಿದಳು. ಕೊನೆಯ ಕಡ್ಡಿಯ ನರದ ಪಕ್ಕ ಕೂದಲೆಳೆಯಷ್ಟು ಹಸಿರು ಉಳಿದಿದೆ, ಬೇರೆಲ್ಲ ಹಳದಿ ಎಂದಳು. ನಂಜುಂಡೇಶ ಮುಖ ಊದಿಸಿಕೊಂಡೇ ಏಣಿ ಹತ್ತಿ, ಮೇಲೆ ಎಲ್ಲೂ ಕಂದಿಲ್ಲ ಎಂದ. ಅಜ್ಜಿ ಗಾಳಿಯನ್ನೊಮ್ಮೆ ಮೂಸಿ, ಇನ್ನರ್ಧ ಗಂಟೆ ಬಿಟ್ಟು ಸೌದೆ ತುಂಬಿ ಎಂದಳು. ಅದೂ ಸಾಲದೆಂದು, ಮಳೆ ಬಿದ್ದ ದಿನ ತನ್ನ ಮೂಗೂ ಸುಳ್ಳು ಹೇಳುತ್ತದೆ, ಇವತ್ತು ಒಣಗಾಳಿ, ಪರವಾಗಿಲ್ಲ ಎಂದು ಸೇರಿಸಿದಳು. ಹುಸೇನ್ ಸಾಬರು ಒಲೆಯ ಬಾಯಿಗೆ ಸೌದೆ ಜೋಡಿಸುತ್ತಾ ರೂಪಳ ಕಡೆ ನೋಡಿ, ನೋಡಮ್ಮ, ಈ ಯಮ್ಮ ತನ್ನನ್ನೂ ಬಿಡೋದಿಲ್ಲ ಎಂದು ನಕ್ಕರು.

ಒಳಗೆ ಹೋಗಿ ನೋಡಿದಾಗ ಚಿತ್ರ ಬಂದಿತ್ತು. ಎಗರಿದ್ದು ಇರಲೇ ಇಲ್ಲ. ಹಳೆಯ ಕಣ್ಣಿನಿಂದ ಹೊಸ ಕಣ್ಣಿಗೆ ಗೆರೆ ಎಲ್ಲೂ ಮುಗ್ಗರಿಸದೆ ಹರಿದಿತ್ತು. ಅವಳ ದೊಡ್ಡ ಕಾಣ್ಕೆ, ಎರಡು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದು, ಸತ್ತುಹೋಗಿತ್ತು. ರೂಪ ಅತ್ತಳು. ಅತ್ತು ಮೂಗೊರೆಸಿಕೊಂಡು ಮತ್ತೆ ನೋಡಿದಳು. ಗೆರೆ ಪೂರ್ತಿ ಸಮನಾಗಿರಲಿಲ್ಲ. ಇಪ್ಪತ್ತೈದು ವರ್ಷಗಳ ಉದ್ದಕ್ಕೂ ತೀರಾ ನಿಧಾನವಾಗಿ, ಆಳದ ಆ ಹರಿವು ಒಂದಿಷ್ಟು ಸಡಿಲಾಗುತ್ತಾ ಬಂದಿತ್ತು. ನಡೆಯುವವನು ಅರ್ಧ ಹೆಜ್ಜೆ ಹಿಂದೆ ಬಿದ್ದ ಹಾಗೆ, ಅಷ್ಟೇ. ಆದರೆ ಹಳೆಯ ಉಪಗ್ರಹವೂ ಅದನ್ನೇ ಹೇಳುತ್ತಿತ್ತು, ಹೊಸದೂ ಅದನ್ನೇ, ಭೂಮಿಯ ಆರು ಕಣ್ಣುಗಳೂ ಅದನ್ನೇ. ಬೇರೆ ಬೇರೆ ಸುಳ್ಳಿನ ಮೂರು ಸಾಕ್ಷಿಗಳು, ಸುಳ್ಳು ಕಳೆದ ಮೇಲೆ ಒಂದೇ ಮಾತಿಗೆ ಬಂದಿದ್ದವು. ಸೂರ್ಯನೇ ಎದ್ದು ಬಂದು ಪಡಸಾಲೆಯಲ್ಲಿ ಕೂತು ಒಂದು ಸಣ್ಣ ಮಾತು ಹೇಳಿದ ಹಾಗೆ ಅವಳಿಗೆ ಅನಿಸಿತು.

ಗುರುವಾರ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ, ನಾಲ್ಕು ತಿಂಗಳು ತೆಗೆದದ್ದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದಳು. ಮೇಡಂ, ತಾನೂ ಕೇಳಬೇಕಿತ್ತು, ಕೇಳಲಿಲ್ಲ ಎಂದರು. ಅಧ್ಯಾಯದ ಹೆಸರು ಬದಲಾಯಿಸು, ಮೂರರಲ್ಲಿ ಒಂದು ಪಾಲಿಗೆ ಇಳಿಸಿ ಬರೆ, ತೆಗೆಯುವುದೇನೂ ಬೇಡ ಎಂದರು. ಅಂಚಿನ ತಿದ್ದುಪಡಿಯನ್ನು ಕಣ್ಣು ಕಣ್ಣಿಗೂ ಬೇರೆಯಾಗಿ ಮಾಡುವುದು ಯಾರ ಸಲಹೆ ಎಂದು ಕೇಳಿದಾಗ, ನಮ್ಮ ಅಜ್ಜಿಯದು ಎಂದಳು ರೂಪ. ಮೇಡಂ ಅದನ್ನು ತಮಾಷೆ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಬ್ಯಾರನ್ನಿನ ಬಾಗಿಲು ತೆಗೆದರು. ಒಳಗಿನ ಒಣ ಘಮಲು ಅಂಗಳದ ತುಂಬ ಹರಡಿತು. ಕಡ್ಡಿಗಳು ಒಂದೊಂದಾಗಿ ಹೊರಬಂದಾಗ ನಂಜುಂಡೇಶ ಬೈಯುವುದನ್ನು ಮರೆತು, ಯಪ್ಪಾ ಎಂದು ನಿಂತುಬಿಟ್ಟ. ಅಂಥ ಬಣ್ಣ. ಮೂಲೆಯ ನಾಲ್ಕು ಕಡ್ಡಿಗಳಿಗೂ ಅದೇ ಬಣ್ಣ ಬಂದಿತ್ತು. ರೂಪ ರಾಶಿಯಲ್ಲಿ ಹುಡುಕಿ ಎಲ್ಲಕ್ಕಿಂತ ಚೆಂದದ್ದೊಂದು ಸೊಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಂಗೆಮರದ ಕೆಳಕ್ಕೆ ಓಡಿದಳು. ನೋಡಜ್ಜಿ ಬಣ್ಣ ಎಂದಳು.

ಶಿವರುದ್ರಮ್ಮ ಸೊಪ್ಪನ್ನು ಇಸಿದುಕೊಂಡು ಮೂಸಿದಳು. ನಡುನರವನ್ನು ಬೆರಳಲ್ಲಿ ಮುರಿದು ಸದ್ದು ಕೇಳಿದಳು. ಅಂಗೈಯಲ್ಲಿ ಹರಡಿ ನಿಧಾನವಾಗಿ ಸವರಿದಳು. ಕಣ್ಣು ಮಾತ್ರ ಸೊಪ್ಪಿನ ಮೇಲಿರಲಿಲ್ಲ, ಹುಣಸೂರು ರಸ್ತೆಯ ಕಡೆ ಎಲ್ಲೋ ಇತ್ತು.

"ನೀನೇ ಯೋಳು. ಎಂಗದೆ ಬಣ್ಣ?"

ರೂಪ ಚಿಕ್ಕಪ್ಪನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. ನಾಲ್ಕು ವರ್ಷವಾಯಿತು ಎಂದು ಮೆಲ್ಲಗೆ ಹೇಳಿದ. ಕಣ್ಣಿನ ನರ ಒಣಗಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಊರಿನವರಿಗೆ ಹೇಳಬೇಡಿ ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳಂತೆ. ಕುಳ್ಳಮ್ಮನಿಗೂ ಸಾಬರಿಗೂ ಗೊತ್ತು, ಬೇರೆ ಯಾರಿಗೂ, ಕೋಟೆಯಲ್ಲಿರುವ ರೂಪಳ ಅಪ್ಪ ಅಮ್ಮನಿಗೂ, ಗೊತ್ತಿಲ್ಲ. ಈ ನಾಲ್ಕು ವರ್ಷ ಹರಾಜಿನಲ್ಲಿ ಎಲ್ಲರೂ ಹೊಗಳಿದ ಬಣ್ಣವನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಆತುರದವನೊಬ್ಬ, ಅಂಜುಬುರುಕಿಯೊಬ್ಬಳು, ಎತ್ತರದವರೊಬ್ಬರು ಹೇಳಿದ್ದರಿಂದಲೇ ಅದನ್ನು ಮಾಡಿದ್ದಳು.

ಮಂಚ, ಗತ್ತು, ಹೆಜ್ಜೆಸದ್ದಿಗೆ ಗುರುತು ಹಿಡಿದದ್ದು, ಕೈ ಚಾಚಿ ಮಣಿಕಟ್ಟು ಹುಡುಕಿದ್ದು, ಎಲ್ಲ ಒಟ್ಟಿಗೆ ರೂಪಳಿಗೆ ಅರ್ಥವಾಯಿತು. ಎಂಥ ಹೆಂಗಸು ಇವಳು ಎಂದು ಎದೆ ತುಂಬಿ ಬಂತು. ಏನೆಲ್ಲ ಹೇಳಬೇಕೆನಿಸಿತು. ಆದರೆ ಅಜ್ಜಿ ಕೇಳಿದ್ದು ಬಣ್ಣ. ಅವಳು ಮಂಚದ ಅಂಚಿಗೆ ಕೂ‌ತು, ಸೊಪ್ಪನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, ತೊಟ್ಟಿನಿಂದ ತುದಿಯವರೆಗೆ ಒಂದೊಂದೇ ಬೆರಳಗಲ ನೋಡಿದಳು.

"ಮಾಗಿದ ನಿಂಬೆಹಣ್ಣಿನ ಬಣ್ಣ ಅಜ್ಜಿ, ಅಂಚಲ್ಲಿ ಸ್ವಲ್ಪ ಕಿತ್ತಲೆ," ಎಂದಳು. ಒಂದು ಕ್ಷಣ ನಿಂತಳು. "ತುದೀಲಿ ಕಡಲೆಕಾಳಿನಷ್ಟು ಕಂದು ಕಲೆ ಇದೆ. ನೆರಳಲ್ಲ, ಕಲೇನೇ."

ಶಿವರುದ್ರಮ್ಮನ ಮುಖ ಅರಳಿತು. ಸೊಪ್ಪನ್ನು ವಾಪಸು ಇಸಿದುಕೊಂಡು ಬೆರಳಿನಿಂದ ತುದಿಯನ್ನು ಹುಡುಕಿ ಆ ಜಾಗವನ್ನು ಮುಟ್ಟಿದಳು.

"ಈ ಮಾತೊಂದ್ರಲ್ಲಿ ಕಳ್ಯಾಕೆ ಏನೂ ಇಲ್ಲ ಬುಡು," ಎಂದಳು.

ಆಮೇಲೆ ಸೊಪ್ಪನ್ನು ಮೊಮ್ಮಗಳ ಕೈಗೆ ಕೊಟ್ಟು, ಮುಂದಿನ ಬ್ಯಾರನ್ನಿಗೆ ಏರಿಸುವ ಹಸಿ ಸೊಪ್ಪು ಹೊಲದಿಂದ ಬಂತಾ ನೋಡು ಎಂದು ಕಳಿಸಿದಳು.